ಮಣಿಕಟ್ಟಿನ ಮೇಲೆ ಬಂದ ಅಪವಾದ

ಗುರಿಗೆಂದು ನಿಲ್ಲಿಸಿದ್ದ ಮೂರು ಕಬ್ಬಿಣದ ತಟ್ಟೆಗಳು ಠಣ್ ಠಣ್ ಎಂದು ಉರುಳಿದವು. ನಾಲ್ಕನೆಯದಕ್ಕೆ ಗುರಿಯಿಟ್ಟು ವೆರ್ನಾ ಟ್ರಿಗರ್ ಒತ್ತಿದರೆ ಅದು ಸತ್ತಂತೆ ಸುಮ್ಮನಿತ್ತು. ಪಿಸ್ತೂಲಿನ ಕಿಂಡಿಯಲ್ಲಿ ಗುಂಡೊಂದು ಮೂತಿ ಮೇಲೆತ್ತಿ ಅಡ್ಡ ನಿಂತಿತ್ತು. ಮತ್ತೆ ಅದೇ ಕಥೆ.

"ಮಣಿಕಟ್ಟು ಕಣೇ, ಮಣಿಕಟ್ಟು!" ಹಿಂದಿನಿಂದ ಅಣ್ಣ ಲೆಸ್ಟರ್ ಕೂಗಿದ. "ಸಡಿಲ ಬಿಡ್ತೀಯ, ಅದಕ್ಕೇ ಗುಂಡು ಸಿಕ್ಕಾಕೊಳತ್ತೆ. ಎಷ್ಟ್ ಸಲ ಹೇಳ್ಬೇಕು?"

ಸಿಕ್ಕಿಕೊಂಡ ಗುಂಡನ್ನು ಕಿತ್ತು ಮತ್ತೆ ಹೊಡೆಯುವಷ್ಟರಲ್ಲಿ ಹನ್ನೊಂದು ಸೆಕೆಂಡು ಕಳೆದಿತ್ತು. ಸ್ಕೂಲ್ ಬಸ್ಸು ಓಡಿಸುವ ವೆರ್ನಾ ಎರಡು ಚಳಿಗಾಲಗಳ ಹಿಂದೆ ಬಸ್ಸಿನಿಂದ ಇಳಿಯುವಾಗ ಮಂಜುಗಡ್ಡೆಯ ಮೇಲೆ ಜಾರಿ ಬಿದ್ದು ಬಲಗೈ ಮಣಿಕಟ್ಟು ಮುರಿದುಕೊಂಡಿದ್ದಳು. ಅಂದಿನಿಂದ ಶೂಟಿಂಗ್ ಕ್ಲಬ್ಬಿನಲ್ಲಿ ಎಲ್ಲದಕ್ಕೂ ಅದೇ ಕಾರಣ. ಗುರಿ ತಪ್ಪಿದರೆ ಮಣಿಕಟ್ಟು, ತಡವಾದರೆ ಮಣಿಕಟ್ಟು. ಕೇಳಿ ಕೇಳಿ ಅವಳೂ ನಂಬಿಬಿಟ್ಟಿದ್ದಳು. ಬಸ್ಸು ಸಿಗ್ನಲ್ಲಿನಲ್ಲಿ ನಿಂತಾಗಲೆಲ್ಲ ರಬ್ಬರ್ ಚೆಂಡು ಹಿಸುಕುತ್ತಿದ್ದಳು. ಗುಂಡಿನ ಕಂಪನಿ ಬದಲಾಯಿಸಿದಳು. ಪಿಸ್ತೂಲನ್ನು ರಿಪೇರಿಯವನಿಗೆ ಒಯ್ದರೆ ಅವನು ವಾರ ಇಟ್ಟುಕೊಂಡು, "ಇದಕ್ಕೇನೂ ಆಗಿಲ್ಲ ಮೇಡಂ" ಎಂದು ವಾಪಸು ಕೊಟ್ಟ. ಹಾಗಾದರೆ ಆಗಿರುವುದು ನನಗೇ ಎಂದು ಅವಳು ಇನ್ನಷ್ಟು ಕುಗ್ಗಿದಳು.

ಆ ಸಂಜೆ ಕ್ಲಬ್ಬಿನ ಟೀಮಿನ ನಾಯಕನೂ ಆಗಿದ್ದ ಲೆಸ್ಟರ್ ಕಾರಿನ ಬಾಗಿಲಿಗೆ ಒರಗಿ ನಿಂತು ಹೇಳಿದ: "ನೋಡು, ತಿಂಗಳ ಕೊನೆ ಕೌಂಟಿ ಪಂದ್ಯಕ್ಕೆ ಟೀಮಲ್ಲಿ ಇರೋದೇ ಮೂರ್ ಜನ. ನೀನು ಹೀಗೇ ಮಾಡ್ತಿದ್ರೆ ನಾನು ಬೇರೆಯವರನ್ನ ಹಾಕ್ಬೇಕಾಗತ್ತೆ. ಬೇಜಾರ್ ಮಾಡ್ಕೋಬೇಡ."

ಬೇಜಾರು ಮಾಡಿಕೊಳ್ಳಬೇಡ ಎಂದು ಹೇಳುವವನೇ ಬೇಜಾರು ಮಾಡುವವನು. ವೆರ್ನಾ ಹಲ್ಲು ಕಚ್ಚಿಕೊಂಡು ಸಾಮಾನು ಕಟ್ಟತೊಡಗಿದಳು.

ಕ್ಲಬ್ಬಿನ ಗೇಟು ನೋಡಿಕೊಳ್ಳುವ ಮುದುಕ ಎಮೆಟ್ ಖಾಲಿ ತೋಟಾಗಳನ್ನು ಗುಡಿಸುತ್ತ ಹತ್ತಿರ ಬಂದ. ಒಂದು ಕಾಲದಲ್ಲಿ ಅವನು ಸೈನ್ಯದಲ್ಲಿ ಬಂದೂಕು ರಿಪೇರಿ ಮಾಡುತ್ತಿದ್ದವನು.

"ಸಿಕ್ಕಾಕೊಂಡಾಗ ಯಾವ ಮ್ಯಾಗಜಿನ್ ಹಾಕಿದ್ದೆ?" ಎಂದ, ಗುಂಡು ತುಂಬಿ ಪಿಸ್ತೂಲಿನ ಹಿಡಿಗೆ ತೂರಿಸುವ ಅವಳ ಆರು ತಗಡಿನ ಕೋಶಗಳತ್ತ ಬೆರಳು ತೋರಿ.

"ಯಾವ್ದೋ ಒಂದು. ಆರೂ ಒಂದೇ ಥರ ಇವೆಯಲ್ಲ."

"ಒಂದೇ ಥರ ಕಾಣ್ತವೆ," ಎಂದು ಎಮೆಟ್ ಪೊರಕೆ ನಿಲ್ಲಿಸಿದ. "ನಂಬರ್ ಹಾಕು. ಒಂದೊಂದರಲ್ಲೂ ಮೂರ್ ಸಲ ಹತ್ತತ್ತು ಗುಂಡು ಹೊಡಿ. ಏನಾಯ್ತು ಅಂತ ಬರ್ಕೋ. ಆಮೇಲೆ ನಿನ್ನ ಕೈಯನ್ನ ಬೈಕೋ."

ವೆರ್ನಾಗೆ ಮೈ ಉರಿಯಿತು. ಎಮೆಟ್‌ನ ಮೇಲಲ್ಲ, ತನ್ನ ಮೇಲೆ. ಮೂವತ್ತು ಮಕ್ಕಳಲ್ಲಿ ಗಲಾಟೆ ಮಾಡಿದ್ದು ಯಾರು ಎಂದು ಬಸ್ಸಿನ ಕನ್ನಡಿಯಲ್ಲೇ ಹಿಡಿಯುವ ತನಗೆ ಇಷ್ಟು ಹೊಳೆಯಲಿಲ್ಲವೇ?

ಬುಧವಾರ ಮಧ್ಯಾಹ್ನ ಮ್ಯಾಗಜಿನ್‌ಗಳ ಮೇಲೆ ಬಿಳಿ ಬಣ್ಣದಲ್ಲಿ ಒಂದರಿಂದ ಆರರವರೆಗೆ ನಂಬರು ಬರೆದು ಒಬ್ಬಳೇ ಗುರಿ ಅಭ್ಯಾಸದ ರೇಂಜಿಗೆ ಹೋದಳು. ಒಂದು ಮತ್ತು ಎರಡನೆಯ ನಂಬರಿನವು ಪಿಸ್ತೂಲಿನ ಜೊತೆಗೇ ಬಂದಿದ್ದವು. ಉಳಿದ ನಾಲ್ಕು, ಬಂದೂಕು ಸಂತೆಯಲ್ಲಿ ಅಗ್ಗಕ್ಕೆ ಸಿಕ್ಕವೆಂದು ಲೆಸ್ಟರ್ ತಂದುಕೊಟ್ಟವು. ಮಾಡಿದವರ ಹೆಸರೂ ಅವುಗಳ ಮೇಲಿರಲಿಲ್ಲ. ಒಂದನೆಯದರಲ್ಲಿ ಮೂವತ್ತಕ್ಕೆ ಮೂವತ್ತೂ ಹಾರಿದವು. ಎರಡನೆಯದರಲ್ಲಿ ಮಧ್ಯೆ ಮಧ್ಯೆ ಗುಂಡು ಮೇಲೇರದೆ ಪಿಸ್ತೂಲಿನ ಕಿಂಡಿ ಬರಿದೇ ಮುಚ್ಚಿಕೊಂಡಿತು. ಮೂರು, ಆರು ಹೇಗೋ ನಡೆದವು. ನಾಲ್ಕು ಮತ್ತು ಐದರಲ್ಲಿ ಮಾತ್ರ ಅದೇ ಮೂತಿ ಎತ್ತುವ ಚಾಳಿ, ನಾಲ್ಕನೆಯದರಲ್ಲಿ ಮೂರು ಸಲ, ಐದನೆಯದರಲ್ಲಿ ಐದು ಸಲ.

ಮನೆಗೆ ಬಂದು ಅಡುಗೆಮನೆಯ ಮೇಜಿನ ಮೇಲೆ ಹಳೆ ಟವೆಲ್ ಹಾಸಿ ಎಲ್ಲವನ್ನೂ ಬಿಚ್ಚಿದಳು. ಎರಡನೆಯದರೊಳಗೆ ಜಲ್ಲಿಪುಡಿ ಮತ್ತು ಎಣ್ಣೆ ಸೇರಿ ಕೆಸರಾಗಿತ್ತು. ಹೊರಗೆ ಹೊಳೆಯಲೆಂದು ಒಳಗೂ ಎಣ್ಣೆ ಸುರಿದವಳು ತಾನೇ. ಬ್ರಶ್ಶಿನಿಂದ ತಿಕ್ಕಿ, ಒಣಬಟ್ಟೆಯಲ್ಲಿ ಒರೆಸಿ, ಎಣ್ಣೆ ಸೋಕಿಸದೆ ಮತ್ತೆ ಜೋಡಿಸಿದಳು. ನಾಲ್ಕು, ಐದಕ್ಕೆ ಔಷಧಿ ಇರಲಿಲ್ಲ. ಗುಂಡನ್ನು ಹಿಡಿದಿಡುವ ಬಾಯಂಚು ಅವುಗಳಲ್ಲಿ ಅಗಲಿಸಿಕೊಂಡಿತ್ತು. ಹೊಡೆದು ಮುಗಿದ ಮ್ಯಾಗಜಿನ್ ಅನ್ನು ಜಲ್ಲಿಯ ಮೇಲೆ ಬೀಳಿಸಿ ಬೀಳಿಸಿ ಅಗ್ಗದ ತಗಡು ಬಾಯಿ ಬಿಟ್ಟಿತ್ತು.

ಶನಿವಾರ, ಈ ಲೆಕ್ಕವೆಲ್ಲ ಬರೆದಿದ್ದ ಹಾಳೆಯನ್ನು ಲೆಸ್ಟರನ ಮುಂದೆ ಹಿಡಿದಳು.

"ಹಾಳೆ ಗುಂಡ್ ಹೊಡಿಯಲ್ಲ," ಎಂದ ಅವನು.

"ಹಾಗಾದ್ರೆ ನೀನೇ ಹೊಡಿ. ನಿನ್ನ ಮಣಿಕಟ್ಟು ಕಬ್ಬಿಣ ಅಲ್ವಾ?" ಎಂದು ಪಿಸ್ತೂಲನ್ನೂ ಐದನೆಯ ನಂಬರನ್ನೂ ಕೊಟ್ಟಳು.

ಎರಡು ಗುಂಡು ಹಾರಿದವು. ಮೂರನೆಯದು ಮೂತಿ ಎತ್ತಿತು. ಲೆಸ್ಟರ್ ಅದನ್ನೇ ದಿಟ್ಟಿಸಿದ. "ಗುಂಡೇ ಸರಿಯಿಲ್ಲ," ಎಂದ. ವೆರ್ನಾ ಅದೇ ಡಬ್ಬಿಯ ಗುಂಡುಗಳನ್ನು ಒಂದನೆಯ ನಂಬರಿಗೆ ತುಂಬಿ ಕೊಟ್ಟಳು. ಹತ್ತೂ ಸರಾಗವಾಗಿ ಹೋದವು. ಆಚೆ ಎಮೆಟ್ ಕೆಮ್ಮಿದ.

ಲೆಸ್ಟರ್ ಪಿಸ್ತೂಲನ್ನು ಖಾಲಿ ಮಾಡಿ ಮೇಜಿನ ಮೇಲಿಟ್ಟ. "ಸರಿ. ಆದ್ರೆ ನಿನ್ನ ಜಾಗಕ್ಕೆ ಬೇರೆಯವರ ಹೆಸರು ನಿನ್ನೆನೇ ಕೊಟ್ಬಿಟ್ಟೆ. ಈಗ ಬದಲಾಯ್ಸಕ್ಕಾಗಲ್ಲ."

"ನಿನ್ನೆ? ಕಾರಣ ಸಿಕ್ಕಿದೆ, ಇವತ್ತು ಬಂದು ತೋರಿಸ್ತೀನಿ ಅಂತ ಫೋನ್ ಮಾಡಿದ್ದೆನಲ್ಲೋ!"

"ಮಾಡಿದ್ದೆ. ಇದೇ ಮಣಿಕಟ್ಟಿನ ರಗಳೆ ಅಂದ್ಕೊಂಡೆ."

ಅವಳಿಗೆ ಏನನ್ನಾದರೂ ಎತ್ತಿ ಒಗೆಯಬೇಕೆನಿಸಿತು. ಒಗೆಯಲಿಲ್ಲ. ನಾಲ್ಕನ್ನೂ ಐದನ್ನೂ ಕಸದ ಡ್ರಮ್ಮಿಗೆ ಹಾಕಿ, ಪಿಸ್ತೂಲಿನ ಕಂಪನಿಯದೇ ಎರಡು ಹೊಸ ಮ್ಯಾಗಜಿನ್ ಕೊಂಡು, ರೇಂಜಿನಲ್ಲಿ ಅವನ್ನೂ ಪರೀಕ್ಷಿಸಿ, ತಿಂಗಳ ಕೊನೆಗೆ ಒಂಟಿಯಾಗಿ ಹೆಸರು ಕೊಟ್ಟು ಪಂದ್ಯಕ್ಕೆ ಹೋದಳು. ಒಂದು ಗುಂಡೂ ಸಿಕ್ಕಿಕೊಳ್ಳಲಿಲ್ಲ. ಎರಡು ತಟ್ಟೆ ತಪ್ಪಿದವು, ಅವು ಅವಳದೇ ಅವಸರದ ತಪ್ಪು. ನಲವತ್ತು ಜನರಲ್ಲಿ ಒಂಬತ್ತನೆಯ ಸ್ಥಾನ ಬಂತು. ಲೆಸ್ಟರನ ಟೀಮು ಕೊನೆಯಿಂದ ಎರಡನೆಯದಾಯಿತು. ಅದರಿಂದಲೂ ಅವಳಿಗೆ ಅಂದುಕೊಂಡಷ್ಟು ಖುಷಿಯಾಗಲಿಲ್ಲ.

ಮುಂದಿನ ಗುರುವಾರ ಅವನ ಫೋನು ಬಂತು. ನಾಳೆ ಚರ್ಚಿನಲ್ಲಿ ಕರಿದ ಮೀನಿನ ಊಟ, ಬರ್ತೀಯಾ ಎಂದು ಕೇಳಿದ. ಹವೆ, ಅವನ ಮೊಮ್ಮಗಳ ಹಲ್ಲು, ಕಾರಿನ ಟೈರು ಎಲ್ಲದರ ಸುದ್ದಿ ಬಂತು. ತಪ್ಪಾಯ್ತು ಎಂಬ ಒಂದು ಮಾತು ಮಾತ್ರ ಬರಲಿಲ್ಲ. ಬರ್ತೀನಿ ಎಂದು ವೆರ್ನಾ ಫೋನಿಟ್ಟಳು. ಆ ಮಾತನ್ನು ನಾನಾದರೂ ಯಾಕೆ ಬಾಯಿಬಿಟ್ಟು ಕೇಳಲಿಲ್ಲ ಎಂದು ಬಹಳ ಹೊತ್ತು ಪರಿತಪಿಸುತ್ತ ಅಲ್ಲೇ ನಿಂತಿದ್ದಳು.