ಯಡ್ರಾವದ ಫಾರೆನ್ ವಿದ್ಯಾರ್ಥಿ

ಗಡಿಯಾಚೆ ಇಚಲಕರಂಜಿ ಬಳಿಯ ಯಡ್ರಾವದ ಭಾವುಸಾಹೇಬ ಮಗದೂಮರು ಪುಣೆಯ ಒಂದು ಮದುವೆಯಲ್ಲಿ ‘ಲಿಬರಲ್ ಆರ್ಟ್ಸ್’ ಎಂಬ ಮಾತು ಕೇಳಿದರು. ಈಗ ದೊಡ್ಡವರ ಮಕ್ಕಳೆಲ್ಲ ಅದನ್ನೇ ಓದುತ್ತಾರಂತೆ. ಊಟದ ಪಂಕ್ತಿಯಲ್ಲಿ ಪಕ್ಕದವರು ಇಷ್ಟು ಹೇಳಿದ್ದೇ ಸಾಕಾಯಿತು. ಊರಿಗೆ ಬಂದವರೇ ಕೊರೋಚಿ ರಸ್ತೆಯಲ್ಲಿ ಖಾಲಿ ಬಿದ್ದಿದ್ದ ತಮ್ಮ ಪವರ್‌ಲೂಮ್ ಶೆಡ್ಡಿಗೆ ಸುಣ್ಣ ಬಳಿಸಿ, ಒಳಗೆ ಪ್ಲೈವುಡ್ ಗೋಡೆ ನಿಲ್ಲಿಸಿ, ಮುಂದೆ ಗಾಜಿನ ಬಾಗಿಲು ಕೂಡಿಸಿದರು. ಹೆಂಡತಿಯ ಹೆಸರಿನಲ್ಲಿ ‘ಶಾಲನದೇವಿ ಗ್ಲೋಬಲ್ ಲಿಬರಲ್ ಆರ್ಟ್ಸ್ ಕಾಲೇಜು’ ಎಂಬ ಬೋರ್ಡು ಏರಿತು.

ಗ್ಲೋಬಲ್ ಅಂದಮೇಲೆ ಹೊರದೇಶದ ವಿದ್ಯಾರ್ಥಿಗಳು ಬೇಕು. ಅವರನ್ನು ಕರೆತರುವ ಕೆಲಸ ಗಡಹಿಂಗ್ಲಜದ ಪ್ರಿಯದರ್ಶನಿಗೆ ಸಿಕ್ಕಿತು. ಇಂಗ್ಲಿಷ್ ಎಂ.ಎ. ಮುಗಿಸಿ ಅಲ್ಲಿ ಇಲ್ಲಿ ತಾತ್ಕಾಲಿಕವಾಗಿ ಪಾಠ ಹೇಳಿ ಬೇಸತ್ತಿದ್ದವಳು ಏಕಾಏಕಿ ‘ಇಂಟರ್‌ನ್ಯಾಷನಲ್ ವಿಭಾಗದ ಮುಖ್ಯಸ್ಥೆ’ಯಾದಳು. ಆ ವಿಭಾಗದಲ್ಲಿ ಆಕೆಯನ್ನು ಬಿಟ್ಟರೆ ಒಂದು ಕಂಪ್ಯೂಟರ್ ಇತ್ತು.

“ಸರ್, ಲಿಬರಲ್ ಆರ್ಟ್ಸ್ ಅಂದ್ರ ಏನಂತ ವೆಬ್‌ಸೈಟಿನಾಗ ಬರೀಲಿರಿ?” ಎಂದು ಕೇಳಿದಳು.

“ಅದರಾಗ ಏನೈತ್ರಿ ಮ್ಯಾಡಮ್? ಲಿಬರಲ್ ಅಂದ್ರ ಹಾಜರಿ ಗೀಜರಿ ಭಾಳ ಕಟ್ಟುನಿಟ್ಟ ಇರಂಗಿಲ್ಲ. ಆರ್ಟ್ಸ್ ಅಂದ್ರ ಸೈನ್ಸ್ ಇರಂಗಿಲ್ಲ. ನೀವು ಇಂಗ್ಲಿಷಿನಾಗ ಛಂದಾಗಿ ಬರೀರಿ.”

ಆಕೆ ಚೆಂದವಾಗಿಯೇ ಬರೆದಳು. ತತ್ವಶಾಸ್ತ್ರ ವಿಭಾಗವನ್ನು ಬರೆದಳು, ಮರದ ನೆರಳಿನ ಚರ್ಚೆಗಳನ್ನು ಬರೆದಳು, ಸರೋವರದ ದಡದ ಕ್ಯಾಂಪಸ್ಸನ್ನು ಬರೆದಳು. ಸರೋವರಕ್ಕೆಂದು ಕೊಲ್ಹಾಪುರದ ರಂಕಾಳಾ ಕೆರೆಯ ಫೋಟೋ ಹಾಕಿದಳು. ಬರೆಯುತ್ತ ಬರೆಯುತ್ತ ತನಗೇ ಅಲ್ಲಿ ಓದಬೇಕೆನ್ನಿಸಿತು. ಇದನ್ನು ನಂಬಿ ಯಾರೂ ಬರುವುದಿಲ್ಲ ಎಂಬ ಧೈರ್ಯವೂ ಇತ್ತು.

ಜುಲೈಯಲ್ಲಿ ಬಿಪನಾ ರಾಯಿ ಬಂದಳು. ನೇಪಾಳದ ಧರಾನ್ ಊರಿನವಳು. ರೈಲು ಬದಲಿಸುತ್ತ ಕೊಲ್ಹಾಪುರ ತಲುಪಿ, ಅಲ್ಲಿಂದ ಬಸ್ಸು ಹಿಡಿದು, ಬ್ಯಾಗುಗಳ ಸಮೇತ ಗಾಜಿನ ಬಾಗಿಲು ತಳ್ಳಿಕೊಂಡು ಒಳಬಂದಳು. ಭಾವುಸಾಹೇಬರು ಆಕೆಯನ್ನು ಮೇಲಿಂದ ಕೆಳಗೆ ನೋಡಿದರು.

“ಛಲೋ ಆತು ಮ್ಯಾಡಮ್. ಕ್ಯಾಂಟೀನಿಗೆ ಮೋಮೋ ಮಾಡಾಕ ಕರಿಸೀರೇನ್?”

“ಇಲ್ರಿ ಸರ್. ಈಕಿ ನಮ್ಮ ಫಾರೆನ್ ವಿದ್ಯಾರ್ಥಿನಿ. ನೇಪಾಳದಾಕಿ.”

ಭಾವುಸಾಹೇಬರ ಮುಖ ಇಳಿಯಿತು. “ನೇಪಾಳ ಯಾವಾಗಿಂದ ಫಾರೆನ್ ಆತ್ರಿ? ಫೋಟೋದಾಗ ಯಾರು ನಂಬತಾರ? ಚೈನೀಸ್ ಗಾಡಿಯಾಕಿ ಅಂತಾರ.”

ಬಿಪನಾಗೆ ಕನ್ನಡ ಬರುತ್ತಿರಲಿಲ್ಲ. ಆದರೆ ‘ಮೋಮೋ’, ‘ಚೈನೀಸ್’ ಎರಡೂ ಚೆನ್ನಾಗಿ ಅರ್ಥವಾದವು. ಆಕೆ ತತ್ವಶಾಸ್ತ್ರದ ಕ್ಲಾಸು ಯಾವ ಕೋಣೆಯಲ್ಲಿ ಎಂದು ಹಿಂದಿಯಲ್ಲಿ ಕೇಳಿದಳು. ಮರುದಿನವೂ ಕೇಳಿದಳು. ಪ್ರಾಧ್ಯಾಪಕರು ಬರುವ ದಾರಿಯಲ್ಲಿದ್ದಾರೆ ಎಂದು ಪ್ರಿಯದರ್ಶನಿ ದಿನವೂ ಹೇಳುತ್ತಿದ್ದಳು. ಎಲ್ಲಿಂದ ಎಂದು ಹೇಳುತ್ತಿರಲಿಲ್ಲ.

ಅಷ್ಟರಲ್ಲಿ ಉದ್ಘಾಟನೆಯ ದಿನ ನಿಗದಿಯಾಯಿತು. ಶಾಸಕರು ಬರುವವರಿದ್ದರು, ಕೊಲ್ಹಾಪುರದ ಪತ್ರಕರ್ತರೂ ಬರುವವರಿದ್ದರು. ಭಾವುಸಾಹೇಬರಿಗೆ ಒಂದು ಬಿಳಿ ಮುಖ ಬೇಕಿತ್ತು. ಅದು ಅವರ ಹೊಸ ಬಟ್ಟೆ ಕಾರ್ಖಾನೆಯಲ್ಲೇ ಸಿಕ್ಕಿತು. ಹೊಸ ಮಗ್ಗಗಳನ್ನು ಜೋಡಿಸಲು ಚೆಕ್ ದೇಶದಿಂದ ಬಂದಿದ್ದ ಪಾವೆಲ್ ಎಂಬ ಮೆಕ್ಯಾನಿಕ್. ಬೋಳು ತಲೆ, ದೊಡ್ಡ ಹೊಟ್ಟೆ.

“ಸರ್, ಅವ ಐವತ್ತು ದಾಟ್ಯಾನ!” ಎಂದಳು ಪ್ರಿಯದರ್ಶನಿ.

“ವಯಸ್ಸಾದವರು ಕಲಿಬಾರದೇನ್ರಿ? ನೀವ ಬರದೀರಲ್ಲ, ಎಲ್ಲಾರಿಗೂ ಬಾಗಲಾ ತೆರದೈತಿ ಅಂತ.”

ಮಗ್ಗ ಜೋಡಿಸಿದ್ದಕ್ಕೆ ಸನ್ಮಾನ ಎಂದು ಹೇಳಿ ಪಾವೆಲ್‌ನನ್ನು ಕರೆತಂದರು. ಕಪ್ಪು ಗೌನು ಹೊಟ್ಟೆಯ ಮೇಲೆ ಕೂಡದೆ ಪಿನ್ನು ಚುಚ್ಚಬೇಕಾಯಿತು. ಅವನು ಎಲ್ಲರಿಗೂ ಕೈಮುಗಿಯುತ್ತ ಶಾಸಕರ ಪಕ್ಕದಲ್ಲಿ ಕುಳಿತ. ಬಿಪನಾಳ ಕೈಗೆ ಆರತಿ ತಟ್ಟೆ ಕೊಟ್ಟು ಬಾಗಿಲ ಬಳಿ ನಿಲ್ಲಿಸಿದರು.

ಒಬ್ಬ ಪತ್ರಕರ್ತ ಎದ್ದು, ಈ ಕಾಲೇಜಿನಲ್ಲಿ ನಿಮಗೆ ಏನು ಇಷ್ಟವಾಯಿತು ಎಂದು ಪಾವೆಲ್‌ನನ್ನು ಇಂಗ್ಲಿಷಿನಲ್ಲಿ ಕೇಳಿದ. ಪಾವೆಲ್ ಸುತ್ತಲೂ ನೋಡಿದ. “ಒಳ್ಳೆಯ ಶೆಡ್ಡು. ಮಗ್ಗಗಳನ್ನು ಯಾಕೆ ತೆಗೆದಿರಿ?” ಎಂದ.

ಭಾವುಸಾಹೇಬರು ಮೈಕು ಕಸಿದುಕೊಂಡು ಮರಾಠಿಗೆ ಅನುವಾದಿಸಿದರು: ಕಾಲೇಜಿನ ಅಡಿಪಾಯ ಭದ್ರವಾಗಿದೆ ಎನ್ನುತ್ತಿದ್ದಾರೆ. ಚಪ್ಪಾಳೆ ಬಿತ್ತು.

ಆಗ ಬಿಪನಾ ತಟ್ಟೆಯನ್ನು ಶಾಸಕರ ಮೇಜಿನ ಮೇಲಿಟ್ಟು ಮೈಕಿನ ಮುಂದೆ ಬಂದಳು. ತಾನು ಈ ಕಾಲೇಜಿನ ಒಬ್ಬಳೇ ಹೊರದೇಶದ ವಿದ್ಯಾರ್ಥಿನಿ, ತತ್ವಶಾಸ್ತ್ರ ಓದಲು ಬಂದಿದ್ದೇನೆ, ಕಲಿಸುವವರು ಇಲ್ಲಿ ಯಾರಾದರೂ ಇದ್ದರೆ ದಯವಿಟ್ಟು ಕೈ ಎತ್ತಬೇಕು ಎಂದು ಇಂಗ್ಲಿಷಿನಲ್ಲಿ ನಿಧಾನವಾಗಿ ಹೇಳಿದಳು. ಯಾರ ಕೈಯೂ ಏಳಲಿಲ್ಲ. ಶಾಸಕರು ಸ್ವಾಗತ ಭಾಷಣವೆಂದುಕೊಂಡು “ವಾಹ್, ಕಿತೀ ಛಾನ್!” ಎಂದು ಮರಾಠಿಯಲ್ಲಿ ಮೆಚ್ಚಿ ಚಪ್ಪಾಳೆ ತಟ್ಟಿದರು. ಅವರು ತಟ್ಟಿದ ಮೇಲೆ ಸಭೆ ಬಿಟ್ಟೀತೆ? ಪ್ರಿಯದರ್ಶನಿಯೊಬ್ಬಳ ಕೈಗಳು ಮಡಿಲಲ್ಲೇ ಉಳಿದವು.

ಸಂಜೆ ಕುರ್ಚಿಗಳನ್ನು ಟೆಂಪೋಗೆ ಏರಿಸುವಾಗ ಬಿಪನಾ ಪ್ರಿಯದರ್ಶನಿಯ ಬಳಿ ಬಂದು ಹಿಂದಿಯಲ್ಲಿ ಕೇಳಿದಳು: “ಆ ವೆಬ್‌ಸೈಟ್ ಬರೆದವರು ಯಾರು?”

“ನಾನೇ.”

“ತುಂಬಾ ಚೆನ್ನಾಗಿ ಬರೆದಿದ್ದೀರಿ. ನನ್ನ ಅಮ್ಮ ಅದನ್ನು ಬೀದಿಯವರಿಗೆಲ್ಲ ಓದಿ ಹೇಳಿದಳು.”

ಬೈದಿದ್ದರೆ ಪ್ರಿಯದರ್ಶನಿ ಹೇಗೋ ತಡೆದುಕೊಳ್ಳುತ್ತಿದ್ದಳು. ಆ ರಾತ್ರಿ ಉಣ್ಣಲಾಗಲಿಲ್ಲ.

ಪತ್ರಿಕೆಯಲ್ಲಿ ಪಾವೆಲ್ ಮತ್ತು ಭಾವುಸಾಹೇಬರ ಫೋಟೋ ಬಂತು. ವಾರದೊಳಗೆ ಶಿರೋಳದ ಕಬ್ಬಿನ ಗದ್ದೆಗಳಿಂದ, ಇಚಲಕರಂಜಿಯ ಬಟ್ಟೆ ಪೇಟೆಯಿಂದ ಪಾಲಕರು ಜೀಪುಗಳಲ್ಲಿ ಬಂದಿಳಿದರು. ಫಾರೆನ್‌ನವರೇ ಇಲ್ಲಿಗೆ ಬಂದು ಓದುವಾಗ ನಮ್ಮ ಮಕ್ಕಳೇಕೆ ಹೊರಗೆ ಹೋಗಬೇಕು? ಸೀಟು ತುಂಬಿದವು. ಅವರಲ್ಲಿ ಒಬ್ಬರೂ ಲಿಬರಲ್ ಆರ್ಟ್ಸ್ ಅಂದರೇನು ಎಂದು ಕೇಳಲಿಲ್ಲ.

ಪ್ರಿಯದರ್ಶನಿ ಕೆಲಸ ಬಿಡುತ್ತೇನೆ ಎಂದಾಗ ಭಾವುಸಾಹೇಬರಿಗೆ ನಿಜಕ್ಕೂ ಬೇಸರವಾಯಿತು. “ಯಾಕ್ರಿ ಮ್ಯಾಡಮ್? ನಿಮ್ಮನ್ನ ಡೈರೆಕ್ಟರ್ ಮಾಡಾಕತ್ತಿದ್ದೆ.”

“ಬ್ಯಾಡ್ರಿ ಸರ್. ನಾ ಬರದದ್ದನ್ನ ಒಬ್ಬಾಕಿ ಓದ್ಯಾಳ. ಅಷ್ಟ ಸಾಕು.”

ಆಕೆ ಬಿಪನಾಳನ್ನು ಕರೆದುಕೊಂಡು ಕೊಲ್ಹಾಪುರದ ಕಾಲೇಜುಗಳನ್ನು ಅಲೆದಳು. ಪ್ರವೇಶದ ಗಡುವು ಮುಗಿದಿತ್ತು. ಕೊನೆಗೆ ವಿದ್ಯಾರ್ಥಿಗಳಿಲ್ಲದೆ ಮುಚ್ಚುವ ಹಂತಕ್ಕೆ ಬಂದಿದ್ದ ಒಂದು ತತ್ವಶಾಸ್ತ್ರ ವಿಭಾಗ ಸಿಕ್ಕಿತು. ನಿವೃತ್ತಿಯ ಅಂಚಿನಲ್ಲಿದ್ದ ಪ್ರಾಧ್ಯಾಪಕರು ಬಿಪನಾಳನ್ನು ನೋಡಿ, ಪಕ್ಕದ ವಿಭಾಗಕ್ಕೆ ಹೊರಟವಳು ದಾರಿ ತಪ್ಪಿ ಬಂದಿರಬೇಕೆಂದುಕೊಂಡರು. ಅಲ್ಲ ಎಂದು ತಿಳಿದ ಮೇಲೆ ತಾವೇ ಓಡಾಡಿ ಪ್ರವೇಶ ಮಾಡಿಸಿದರು.

ಮೊದಲ ಕ್ಲಾಸಿನ ದಿನ ಪ್ರಿಯದರ್ಶನಿ ಹೊರಗಿನ ಬೆಂಚಿನ ಮೇಲೆ ಕಾದಳು. ಒಳಗಿನಿಂದ ಮೊದಲು ಪ್ರಾಧ್ಯಾಪಕರ ದನಿ, ಆಮೇಲೆ ಬಿಪನಾಳದು, ಆಮೇಲೆ ಎರಡೂ ಒಟ್ಟಿಗೆ ಕೇಳಿಸಿದವು. ಹೊರಬಂದ ಬಿಪನಾಳ ಕೆನ್ನೆಗಳು ಕೆಂಪಾಗಿದ್ದವು.

“ಆತ್ಮ ಅನ್ನುವುದೇ ಇಲ್ಲ ಅಂತಾರೆ ಆ ಮುದುಕ. ನಾಳೆ ನೋಡುತ್ತೇನೆ,” ಎಂದವಳೇ ಪ್ರಿಯದರ್ಶನಿಗಾಗಿ ಕಾಯದೆ ಗ್ರಂಥಾಲಯದ ಕಡೆ ದಾಪುಗಾಲು ಹಾಕಿದಳು.