ನೆಟ್ಟಗೆ ನಿಲ್ಲದ ಒಂಬತ್ತು ಗಿಡಗಳು

ಮರದ ಬೇರು ಕೊಳೆತದ್ದು ನನ್ನಿಂದಲೇ. ಎಲ್ಲಿ ಒಣಗೀತೋ ಎಂಬ ಹೆದರಿಕೆಗೆ ದಿನಕ್ಕೆ ಎರಡು ಸಲ ನೀರು ಹಾಕಿದೆ. ಅದನ್ನು ನೆಟ್ಟ ತೊಟ್ಟಿಯ ತಳದ ತೂತು ಕಟ್ಟಿಕೊಂಡಿದೆಯೇ ಎಂದು ಬಗ್ಗಿ ನೋಡಲಿಲ್ಲ. ವರ್ಷವಿಡೀ ಹಸಿರಾಗಿರುವ ಈ ಸೂಜಿ ಎಲೆಯ ಮರದ ಜಾತಿ ಕಾಡಿನಲ್ಲಿ ಅಳಿದುಹೋಗಿದೆ. ಉಳಿದದ್ದು ನಾನು ಕೆಲಸ ಮಾಡುವ ಸಸ್ಯತೋಟದ ಗಾಜಿನ ಮನೆಯಲ್ಲಿರುವ ಇದೊಂದೇ. ಜೊತೆಯಿಲ್ಲದ ಮರ, ಬೀಜ ಕಟ್ಟಿದ್ದೇ ಇಲ್ಲ.

ಎರಡು ವರ್ಷದ ಹಿಂದೆ, ತುದಿಗೆ ನೋವಾಗಬಾರದೆಂದು, ಪಕ್ಕದ ಕೊಂಬೆಗಳಿಂದ ಕಡ್ಡಿ ತೆಗೆದು ನೆಟ್ಟಿದ್ದೆ. ಒಂಬತ್ತು ಬೇರು ಬಿಟ್ಟವು. ಎಲ್ಲರೂ ಬೆನ್ನು ತಟ್ಟಿದರು. ಆದರೆ ಒಂದೂ ಎದ್ದು ನಿಲ್ಲಲಿಲ್ಲ. ಈ ಜಾತಿಯಲ್ಲಿ ಪಕ್ಕದ ಕೊಂಬೆಯ ಕಡ್ಡಿ ಗಿಡವಾದರೂ ಕೊಂಬೆಯೇ. ಸಾಯುವವರೆಗೂ ಅಡ್ಡಕ್ಕೇ ಬೆಳೆಯುತ್ತದೆ, ಮರವಾಗುವುದಿಲ್ಲ. ಕೋಲು ಕಟ್ಟಿದೆ. ಬಿಚ್ಚಿದ ವಾರಕ್ಕೇ ಮತ್ತೆ ಒರಗಿದವು. ಒಂದು ಸಂಜೆ, ಕಾಲೇಜಿನ ಹಳೆಯ ನೋಟ್ಸ್ ತೆಗೆದು ನೋಡಿದರೆ ಈ ಪಾಠ ಅಲ್ಲಿತ್ತು. ಕೆಂಪು ಗೆರೆ ಎಳೆದಿದ್ದವಳೂ ನಾನೇ.

"ಒಂಬತ್ತೂ ಸೋಮಾರಿಗಳು. ಯಾರನ್ನ ಹೋಲ್ತಾವೋ ಏನೋ," ಎಂದರು ಮಾವ. ಅಮ್ಮನ ತಮ್ಮ, ಇಲ್ಲಿನ ಹಿರಿಯ ಮಾಲಿ. ನನ್ನನ್ನು ಕೆಲಸಕ್ಕೆ ಸೇರಿಸಿದ್ದು ಅವರೇ.

ನನಗೆ ನಗು ಬರಲಿಲ್ಲ. ಮರ ಕೆಳಗಿನಿಂದ ಕಂದುತ್ತಾ ಬಂದು, ಈಗ ಹಸಿರಿದ್ದದ್ದು ನೆತ್ತಿಯ ಕುಡಿ ಮಾತ್ರ. ನೆಟ್ಟಗೆ ಬೆಳೆಯಬಲ್ಲ ಕಡ್ಡಿ ಅದೊಂದೇ.

"ಅದನ್ನೂ ಕತ್ತರಿಸಿದ್ರೆ ಮರದ ಕಥೆ ಮುಗೀತು, ಮಾವ."

"ಬೇರು ಮುಟ್ಟಿ ನೋಡಿದ್ಯಲ್ಲ? ಸಿಪ್ಪೆ ಕೈಗೇ ಬರುತ್ತೆ. ಕಥೆ ಯಾವತ್ತೋ ಮುಗಿದಿದೆ."

"ಇರೋದು ಒಂದೇ ಕುಡಿ. ಒಂದು ಕಣ್ಣು ಕಣ್ಣಲ್ಲ ಅಂತ ನೀವೇ ಹೇಳ್ತೀರಿ."

"ಹಾಗಂತ ಇರೋ ಒಂದನ್ನೂ ಮುಚ್ಕೊಂಡು ಕೂತ್ಕೋ ಅಂದ್ನಾ? ಏಣಿ ಹತ್ತು. ನಾನೇ ಹತ್ತೋಣ ಅಂದ್ರೆ ಮಂಡಿ ರಜಾ ಹಾಕಿದೆ."

ಹತ್ತಿದೆ. ಕತ್ತರಿಯನ್ನು ಸ್ಪಿರಿಟ್ಟಿನಲ್ಲಿ ಮೂರು ಸಲ ಒರೆಸಿದೆ. ನಾಲ್ಕನೆಯದಕ್ಕೆ ಬಟ್ಟೆ ಎತ್ತಿದಾಗ ಕೆಳಗಿನಿಂದ ಮಾವ, "ಸವೆದು ಹೋದೀತು, ಮಗಳೇ," ಎಂದರು. ಬಟ್ಟೆ ಹೆಗಲಿಗೆ ಹಾಕಿ ಕತ್ತರಿಸಿದೆ. ಗೇಣುದ್ದದ ಕುಡಿ. ತೇವದ ಮರಳಿನಲ್ಲಿ ನೆಟ್ಟು ಗಾಜಿನ ಜಾಡಿ ಕವುಚಿದೆ.

ತಿಂಗಳೊಳಗೆ ಮರ ಸತ್ತಿತು. ಕುಡಿ ಹಸಿರಾಗಿಯೇ ಇತ್ತು. ಆದರೆ ಇದರ ಹಸಿರನ್ನು ನಂಬುವಂತಿಲ್ಲ. ಸತ್ತ ಮೇಲೂ ಎಷ್ಟೋ ವಾರ ಹಾಗೇ ಇರುತ್ತದೆ. ಎಳೆದು ನೋಡಿದರೆ ಹುಟ್ಟುವ ಬೇರೂ ಹರಿದೀತು. ದಿನಕ್ಕೆ ಹತ್ತು ಸಲ ಜಾಡಿಯ ಮೇಲೆ ಕೈಯಿಡುವುದು, ತೆಗೆಯುವುದು.

ಎಂಬತ್ತನೆಯ ದಿನ ತಡೆಯಲಾಗಲಿಲ್ಲ. ಬಣ್ಣದ ಕುಂಚದಿಂದ ಮರಳು ಸರಿಸಿದೆ. ಬೇರಿರಲಿಲ್ಲ. ಕತ್ತರಿಸಿದ ಅಂಚಿನಲ್ಲಿ ಅಕ್ಕಿಕಾಳಿನಷ್ಟು ಬಿಳಿ ಗಂಟು. ಗಾಯ ಮಾಯುತ್ತಿತ್ತು. ಅಲ್ಲಿಂದ ಬೇರು ಬಂದರೂ ಬರಬಹುದು, ಬರದೆಯೂ ಇರಬಹುದು.

"ಏನಂತೆ?" ಬಾಗಿಲಲ್ಲಿ ಮಾವ.

"ಸತ್ತಿಲ್ಲ."

"ಅಂದ್ರೆ, ಬದುಕಿದೆ?"

"ಗೊತ್ತಿಲ್ಲ." ಮರಳು ಮುಚ್ಚಿ, ಜಾಡಿ ಕವುಚಿ, ಗಾಜಿನ ಮನೆಯ ಬೀಗದಕೈಯನ್ನು ಅವರ ಅಂಗೈಗೆ ಒತ್ತಿದೆ. "ಇನ್ಮೇಲೆ ನೀರು ನೀವೇ ಹಾಕಿ, ಮಾವ. ನಾನು ಅತ್ತು ಕರೆದು ಕೇಳಿದ್ರೂ ಇದನ್ನ ನನ್ನ ಕೈಗೆ ಕೊಡಬೇಡಿ."