ಲುಂಬಿನಿಯಲ್ಲೂ ಅಬಲೂರು

೧

ಎಲ್ಲಿಂದ ಶುರು ಮಾಡಲಿ? ಸಾವಿನಿಂದ ಶುರು ಮಾಡಿದರೆ ನೀವು ಪುಟ ಮಗುಚುತ್ತೀರಿ. ಯಂತ್ರದಿಂದ ಶುರು ಮಾಡಿದರೆ ‘ಇದೇನು ಮ್ಯಾನ್ಯುಯಲ್ಲಾ?’ ಅನ್ನುತ್ತೀರಿ. ಎರಡೂ ಡ್ರಾಫ್ಟ್ ಹರಿದು ಹಾಕಿ ಮತ್ತೆ ಕೂತಿದ್ದೇನೆ. ಆದದ್ದಾಗಲಿ.

೨

ನೇಪಾಳದ ಲುಂಬಿನಿ. ಶಿಗ್ಗಾವಿ ಕಡೆಯ ಹಿರೇಬೆಂಡಿಗೇರಿಯ ನೀಲಪ್ಪ ಹುಲ್ಲಿನ ಮೇಲೆ ಕುಳಿತು ಅಂಗೈಯಗಲದ ಜಿಪಿಎಸ್ ಯಂತ್ರದ ಗುಂಡಿ ಒತ್ತುತ್ತಿದ್ದಾನೆ. ಅದು ಮಗಳು ರಾಜಶ್ರೀಯದು. ಹೊಲ ಅಳೆಯುವ ಸರ್ವೇಯರ್ ಆಗಿದ್ದಳು. ಹೋದ ಮುಂಗಾರಿನಲ್ಲಿ ಹಿರೇಕೆರೂರು ಕಡೆಯ ಅಬಲೂರಿನಲ್ಲಿ, ಅಳತೆಗೆ ಹೋದ ಹೊಲದಲ್ಲೇ ಸಿಡಿಲು ಬಡಿದು ತೀರಿಕೊಂಡಳು. ‘ಬುದ್ಧ ಹುಟ್ಟಿದ ಜಾಗಾನ ನನ್ನ ಮಷಿನ್ಯಾಗ ಗುರ್ತು ಹಾಕ್ಬೇಕಪ್ಪ’ ಎನ್ನುತ್ತಿದ್ದಳು. ಆ ಗುರುತು ಹಾಕಲೆಂದೇ ಅಪ್ಪ, ಅವ್ವ ಯಾತ್ರೆಯ ಬಸ್ಸು ಹತ್ತಿದ್ದಾರೆ.

(ಸಿಡಿಲು ತುಸು ನಾಟಕೀಯವಾಯಿತು. ಜ್ವರ ಎಂದು ತಿದ್ದಲು ಹೋದೆ. ನೀಲಪ್ಪ ಬಿಡಲಿಲ್ಲ: ‘ಸುಳ್ಳು ಬರೀಬ್ಯಾಡ್ರಿ ಸರ.’)

೩

ಸ್ಕ್ರೀನಿನ ಮೇಲೆ ಇನ್ನೂ ಅಬಲೂರು, ಅದರ ಮೇಲೊಂದು ಪ್ರಶ್ನಾರ್ಥಕ ಚಿಹ್ನೆ. ನಾನು ಮ್ಯಾನ್ಯುಯಲ್ ಓದಿ ಹೇಳಿದೆ: ‘ಪರದೇಶಕ್ಕೆ ಒಯ್ದರೆ ಹೀಗೇ. ಹಳೇ ಜಾಗದಲ್ಲೇ ಇದ್ದೇನೆ ಅಂದುಕೊಂಡಿರುತ್ತದೆ. ಬಯಲಲ್ಲಿ, ಆಕಾಶ ಕಾಣುವ ಹಾಗೆ ಇಡಿ. ಸ್ವಲ್ಪ ಹೊತ್ತಿಗೆ ಹೊಸ ಜಾಗ ಹಿಡಿಯುತ್ತದೆ.’

ನೀಲಪ್ಪ ಸೆಲ್ ಬದಲಿಸಿದ. ಬಯಲಲ್ಲಿಟ್ಟು, ಹೆಂಡತಿ ಉಡಚವ್ವನನ್ನು ಕಾವಲಿಗೆ ಕೂರಿಸಿ ನೀರು ತರಲು ಹೋದ. ಬಂದು ನೋಡಿದರೆ ಅಬಲೂರು. ಮತ್ತೆ ಇಟ್ಟು ಹೋದ, ಬಂದ. ಅಬಲೂರು.

‘ಏನಾಗೇತ್ರಿ ಇದಕ್ಕ?’ ಎಂದು ನನ್ನನ್ನು ಕೇಳಿದ. ನನಗೂ ತಲೆ ಓಡಲಿಲ್ಲ. (ಕಥೆಗಾರ ಅಂತ ಹೆಸರು ಬೇರೆ!)

೪

ಮೂರನೆಯ ಸಲ ಬೇಗ ಬಂದ. ಉಡಚವ್ವ ಯಂತ್ರವನ್ನು ಮಡಿಲಲ್ಲಿಟ್ಟು, ಸೆರಗು ಮುಚ್ಚಿ, ಎರಡೂ ಕೈ ಅದರ ಮೇಲಿಟ್ಟು ಬಾಗಿ ಕುಳಿತಿದ್ದಳು.

‘ಏನ್ ಮಾಡಾಕತ್ತಿ?’

‘ಆಕಿ ಕಡೀಕ ನಿಂತ ಜಾಗಾ ಐತ್ರಿ ಇದರಾಗ. ಈ ಊರು ಬಂತಂದ್ರ ಅದು ಅಳಿಸಿ ಹೊಕ್ಕೈತಿ. ಇದಾದ್ರೂ ನೆನಪಿಟ್ಟೈತಿ, ಇದಕ್ಕೂ ಮರಸ್ತೀರೇನು?’

ನೀಲಪ್ಪನಿಗೆ ಮಗಳ ಆಸೆ ಬಿಡಲೂ ಆಗದು, ಹೆಂಡತಿಯ ಕೈ ಸರಿಸುವ ಧೈರ್ಯವೂ ಇಲ್ಲ.

೫

ಅಂತ್ಯ ಒಂದು: ಅವಳು ಸೆರಗು ತೆಗೆಯುತ್ತಾಳೆ, ಲುಂಬಿನಿ ಮೂಡುತ್ತದೆ, ಎಲ್ಲರೂ ಕಣ್ಣೊರೆಸಿಕೊಳ್ಳುತ್ತಾರೆ. ಥೂ, ಸಿನಿಮಾ.

ಅಂತ್ಯ ಎರಡು: ಸೆಲ್ ಮುಗಿದುಹೋಗುತ್ತದೆ. ಇದು ನನ್ನ ಪುಕ್ಕಲುತನ.

ಇನ್ನೊಂದು ಬರೆಯಲು ಹೊರಟರೆ ಉಡಚವ್ವ ತಲೆಯೆತ್ತಿ ನನ್ನನ್ನೇ ನೋಡಿದಳು. ‘ನಿಮಗ ಕತಿ ಮುಗಸೂ ಅವಸರ. ನನಗೇನ ಅವಸರ ಐತ್ರಿ?’

ಬಸ್ಸು ಹಾರ್ನ್ ಹೊಡೆಯಿತು. ನೀಲಪ್ಪ ಹೋಗಿ, ‘ಇನ್ನೊಂದ್ ಸ್ವಲ್ಪ ತಡೀರಿ’ ಎಂದು ಡ್ರೈವರನಿಗೆ ಕೈಮುಗಿದು ಬಂದ. ಹೆಂಡತಿಯ ಪಕ್ಕ ಕುಳಿತು, ಸೆರಗಿನ ಮೇಲಿದ್ದ ಅವಳ ಕೈಗಳ ಮೇಲೆ ತನ್ನ ಕೈ ಇಟ್ಟ. ಸರಿಸಲಿಕ್ಕೋ, ಒತ್ತಿ ಹಿಡಿಯಲಿಕ್ಕೋ, ನಾನು ಕೇಳಲಿಲ್ಲ.